ಕೇಳದೆ ಮಾತ್ರೆ ಬರೆಯುವವರು

ಮಗೂ, ಗುಪ್ತಾಂಗದ ತೊಂದರೆಗೆ ಫೋನಿನಲ್ಲೇ ಡಾಕ್ಟರನ್ನು ಕಾಣುವುದರಲ್ಲಿ ತಪ್ಪೇನೂ ಇಲ್ಲ. ಊರಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ಪರಿಚಯದವರ ಪಕ್ಕ ಕೂತು ಹೇಳಲಾಗದ್ದನ್ನು ಕೋಣೆಯ ಬಾಗಿಲು ಹಾಕಿಕೊಂಡು ಹೇಳಬಹುದಾದರೆ ಹೇಳು. ಬಾಯಿ ಬಿಡದೆ ತಿಂಗಳುಗಟ್ಟಲೆ ಕೊರಗುವುದಕ್ಕಿಂತ ಅದು ಎಷ್ಟೋ ಮೇಲು. ಸರ್ಕಾರದ್ದೇ ಇ-ಸಂಜೀವಿನಿ ಇದೆ, ಅದಕ್ಕೆ ದುಡ್ಡೂ ಕೊಡಬೇಕಿಲ್ಲ. ಆದರೆ ಆ ಕಡೆ ಕೂತವರು ಯಾರು, ನಿನ್ನನ್ನು ಏನೇನು ಕೇಳುತ್ತಾರೆ ಎನ್ನುವುದರ ಮೇಲೆ ಗಮನವಿರಲಿ.

2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್‌ಗೆ ಮಾರ್ಗಸೂಚಿ ಹೊರಡಿಸಿತು. ಅದರಂತೆ ಡಾಕ್ಟರು ತಮ್ಮ ಹೆಸರು, ಓದು ಹೇಳಬೇಕು, ಔಷಧಿ ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಬೇಕು. ನೀನು ಯಾರು, ನಿನ್ನ ವಯಸ್ಸೆಷ್ಟು ಎಂದು ಅವರೂ ಕೇಳಬೇಕು. ಹೆಸರೇ ಬೇಡ, ಗುಟ್ಟಾಗಿ ಔಷಧಿ ಕಳಿಸುತ್ತೇವೆ ಎನ್ನುವವರು ನಿನ್ನ ಮಾನ ಕಾಯುತ್ತಿಲ್ಲ. ನಾಳೆ ಹೆಚ್ಚುಕಡಿಮೆಯಾದರೆ ಕೈಗೆ ಸಿಗದಂತೆ ತಮ್ಮನ್ನು ಕಾಯ್ದುಕೊಳ್ಳುತ್ತಿದ್ದಾರೆ. ಹದಿನೆಂಟು ತುಂಬದವರ ಜೊತೆ ದೊಡ್ಡವರೊಬ್ಬರು ಇರಬೇಕೆಂದೂ ಆ ಮಾರ್ಗಸೂಚಿಯಲ್ಲಿದೆ. ಮನೆಯಲ್ಲಿ ಹೇಳಲಾಗದ ಮಕ್ಕಳಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ ಇದೆ.

ನನಗೆ ಹೆಚ್ಚು ಸಂಕಟವಾಗುವುದು ಗಂಡುಮಕ್ಕಳ ವಿಷಯದಲ್ಲಿ. ಸ್ವಪ್ನಸ್ಖಲನವಾಯಿತು, ಧಾತು ಹೋಗುತ್ತಿದೆ, ಶಕ್ತಿ ಕುಂದಿತು ಎಂಬ ಭಯವನ್ನೇ ಬಂಡವಾಳ ಮಾಡಿಕೊಂಡವರು ಹಿಂದೆ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿದ್ದರು, ಈಗ ಫೋನಿಗೆ ಬಂದಿದ್ದಾರೆ. ಪುರುಷತ್ವದ ಮದ್ದಿನ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಸ್ವಪ್ನಸ್ಖಲನ ಕಾಯಿಲೆಯಲ್ಲ. ಒಳ್ಳೆಯ ಡಾಕ್ಟರು ನಿನ್ನ ನಿದ್ದೆ, ಆತಂಕ, ಕುಡಿತದ ಬಗ್ಗೆ ಕೇಳಿ, ಧೈರ್ಯ ಹೇಳಿ, ಒಂದು ಮಾತ್ರೆಯನ್ನೂ ಬರೆಯದೆ ಕಳಿಸಬಹುದು. ಕೊಟ್ಟ ದುಡ್ಡು ದಂಡವಾಯಿತೆಂದು ಅಂದುಕೊಳ್ಳಬೇಡ, ಅದೇ ಚಿಕಿತ್ಸೆ. ನಿಮಿರುವಿಕೆಯ ತೊಂದರೆ ನಿಜಕ್ಕೂ ಇದ್ದರೆ ಸಕ್ಕರೆ, ಬಿಪಿ, ಹೃದಯದ ವಿಚಾರ ಕೇಳಲೇಬೇಕು. ಕೆಲವರಲ್ಲಿ ಅದು ರಕ್ತನಾಳದ ಕಾಯಿಲೆಯ ಮೊದಲ ಸುಳಿವು. ಎದೆನೋವಿಗೆ ನೈಟ್ರೇಟ್‌ ಮಾತ್ರೆ ತೆಗೆದುಕೊಳ್ಳುವವರು ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್‌ ನುಂಗಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ನೈಟ್ರೇಟ್‌ ತೆಗೆದುಕೊಳ್ಳುತ್ತೀಯಾ ಎಂಬ ಆ ಒಂದು ಪ್ರಶ್ನೆ ಕೇಳದೆ ಮಾತ್ರೆ ಬರೆಯುವವರ ಬಳಿ ಮತ್ತೆ ಹೋಗಬೇಡ.

ಹುಣ್ಣು, ಸ್ರಾವ, ಉರಿ ಇದ್ದರೆ ಮಾತಷ್ಟೇ ಸಾಲದು. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿ ಮಾಯುತ್ತದೆ, ರೋಗ ಮಾತ್ರ ಮೈಯಲ್ಲೇ ಉಳಿಯುತ್ತದೆ. ಗರ್ಭಿಣಿಯಿಂದ ಮಗುವಿಗೂ ಹೋಗುತ್ತದೆ. ರಕ್ತಪರೀಕ್ಷೆ ಬೇಕು, ಪೆನಿಸಿಲಿನ್‌ ಇಂಜೆಕ್ಷನ್‌ ಬೇಕು. ಎರಡೂ ಪರದೆಯ ಮೂಲಕ ಆಗುವಂಥವಲ್ಲ. ಲ್ಯಾಬಿಗೆ ಕಳಿಸುವ, ಸಂಗಾತಿಗೂ ಪರೀಕ್ಷೆ ಮಾಡಿಸು ಎನ್ನುವ ಡಾಕ್ಟರನ್ನು ನಂಬು. ಫೋಟೋ ಕೇಳಿದರೆ ಏಕೆ, ಎಲ್ಲಿ ಇಡುತ್ತೀರಿ ಎಂದು ಕೇಳು. ಮುಖ ಕಾಣುವಂತೆ ಕಳಿಸಬೇಡ. ಮನಸ್ಸು ಒಪ್ಪದಿದ್ದರೆ ನೇರವಾಗಿ ಬಂದು ತೋರಿಸುತ್ತೇನೆ ಎಂದುಬಿಡು.

ಒಂದು ವಿಷಯದಲ್ಲಿ ಮಾತ್ರ ಆನ್‌ಲೈನ್‌ ಅಪಾಯಿಂಟ್‌ಮೆಂಟಿಗೆ ಕಾಯಲೇಬೇಡ. ಎಚ್‌ಐವಿ ತಗುಲಿರಬಹುದೆಂಬ ಅನುಮಾನವಿದ್ದರೆ ತಡೆಯುವ ಔಷಧಿಯನ್ನು ಸೋಂಕು ತಗುಲಿರಬಹುದಾದ ಹೊತ್ತಿನಿಂದ 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. 28 ದಿನ ಬಿಡದೆ ತೆಗೆದುಕೊಳ್ಳಬೇಕು. 1097ಕ್ಕೆ ಕರೆ ಮಾಡಿ ಕೇಳು, ಇಲ್ಲವೇ ನೆಟ್ಟಗೆ ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ನಡೆ. ನಿನ್ನ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ ಎಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ನನಗೆ ಫೋನ್‌ ಮಾಡು, ಎಷ್ಟು ಹೊತ್ತಾದರೂ ಸರಿ. ಏನಾಯಿತು, ಯಾರ ಜೊತೆ ಎಂದು ಕೇಳುವುದಿಲ್ಲ, ಬರುತ್ತೇನೆ.