ಅತ್ತಿಬೆಲೆಯ ಗಡಿ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯು ಎಲೆಕ್ಟ್ರಾನಿಕ್ಸ್ ಸಿಟಿಯನ್ನೂ ಚಂದಾಪುರವನ್ನೂ ದಾಟಿ ಅತ್ತಿಬೆಲೆಯನ್ನು ಸೇರುತ್ತದೆ. ಅಲ್ಲಿ ಕರ್ನಾಟಕವು ಮುಗಿದು ತಮಿಳುನಾಡು ಮೊದಲಾಗುತ್ತದೆ. ನಡುವೆ ದೊಡ್ಡ ನದಿಯಿಲ್ಲ, ಬೆಟ್ಟದ ಸಾಲಿಲ್ಲ. ಈಚೆಯ ಕೆಂಪು ಮಣ್ಣೇ ಆಚೆಗೂ ಹಬ್ಬಿದೆ. ಹೊಲದ ರಾಗಿಯೂ ಅದೇ. ಹಾಗಾದರೆ ಈ ಗೆರೆಯನ್ನು ಎಳೆದವರು ಯಾರು? ಅದರ ಮೂಲವು ಎರಡು ಶತಮಾನಗಳ ಹಿಂದಿನ ಯುದ್ಧಗಳಲ್ಲಿದೆ.

1791ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಕೋಲಾರ, ಹೊಸಕೋಟೆಗಳ ಮಾರ್ಗವಾಗಿ ಬಂದು ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದನು. ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದಾಗ ಟಿಪ್ಪು ಸುಲ್ತಾನನು ಸಂಧಿಗೆ ಒಪ್ಪಬೇಕಾಯಿತು. 1792ರ ಆ ಒಪ್ಪಂದದ ಕರಾರುಗಳು ಬಹು ಕಠಿಣವಾಗಿದ್ದವು. ರಾಜ್ಯದ ಸುಮಾರು ಅರ್ಧ ಭಾಗವನ್ನು ಇಂಗ್ಲಿಷರು, ನಿಜಾಮನು ಮತ್ತು ಮರಾಠರು ಹಂಚಿಕೊಂಡರು. ಸುಲ್ತಾನನು 3 ಕೋಟಿ 30 ಲಕ್ಷ ರೂಪಾಯಿಗಳನ್ನು ತೆರಬೇಕಾಗಿತ್ತು. ಅದಕ್ಕೆ ಭರವಸೆಯಾಗಿ ಅವನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳನ್ನಾಗಿ ಕರೆದೊಯ್ದರು. ಅವರು ತಂದೆಯ ಬಳಿಗೆ ಮರಳಿದುದು 1794ರಲ್ಲಿ. ಇಂತಹ ಸಂಧಿಯನ್ನು ಶಾಂತಿಯೆಂದು ಕರೆಯುವುದು ಕಷ್ಟ. ಘಟ್ಟದ ಕೆಳಗಿನ ಬಾರಾಮಹಲು, ಎಂದರೆ ಕೃಷ್ಣಗಿರಿ, ಧರ್ಮಪುರಿಗಳ ಸೀಮೆಯು, ಇಂಗ್ಲಿಷರದಾಯಿತು. ಮೇಲಿನ ಹೊಸೂರು ಮೈಸೂರಿನಲ್ಲಿಯೇ ಉಳಿಯಿತು.

ಆ ಸಂಧಿ ಏಳು ವರ್ಷ ಬಾಳಿತು. 1799ರ ಮೇ 4ರಂದು ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಕಾಳಗದಲ್ಲಿ ಮಡಿದನು. ಜೂನ್ ತಿಂಗಳಲ್ಲಿ ಇಂಗ್ಲಿಷರೂ ನಿಜಾಮನೂ ರಾಜ್ಯವನ್ನು ಮತ್ತೆ ಭಾಗ ಮಾಡಿದರು. ಕರಾವಳಿಯ ಕನ್ನಡ ಜಿಲ್ಲೆ, ಕೊಯಮತ್ತೂರು ಸೀಮೆ, ಅದರೊಡನೆ ಕೊಳ್ಳೇಗಾಲ, ಹೊಸೂರು, ಇವೆಲ್ಲವೂ ಕಂಪನಿ ಸರ್ಕಾರಕ್ಕೆ ಸೇರಿದವು. ಉಳಿದ ಸೀಮೆಗೆ ಐದು ವರ್ಷ ತುಂಬುವುದರಲ್ಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಅರಸನನ್ನಾಗಿ ಕೂಡಿಸಿದರು. ಕಂದಾಯದ ಮೊತ್ತವನ್ನೂ ಕೋಟೆ, ಕಣಿವೆಗಳನ್ನೂ ಎಣಿಸಿ ಗಡಿಯನ್ನು ಗೊತ್ತುಮಾಡಿದರೇ ಹೊರತು ಜನರ ನುಡಿಯನ್ನು ಯಾರೂ ಕೇಳಲಿಲ್ಲ. ರೈತನು ತನ್ನ ಮನೆಯಿಂದ ಹೆಜ್ಜೆ ಕದಲಿಸದೆಯೇ ಬೇರೊಂದು ಸರ್ಕಾರದ ಪ್ರಜೆಯಾದನು.

ಹೊಸೂರಿನವರ ಕಂದಾಯವು ಅಂದಿನಿಂದ ಸೇಲಂ ಜಿಲ್ಲೆಯ ಲೆಕ್ಕಕ್ಕೆ ಸೇರಿತು. ಆದರೆ ಹತ್ತಿರದ ದೊಡ್ಡ ಪಟ್ಟಣವು ಬೆಂಗಳೂರೇ ಆಗಿತ್ತು. ಮನೆಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುತ್ತಿದ್ದವು. 1878ರಲ್ಲಿ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿದ ರಾಜಗೋಪಾಲಾಚಾರಿಯವರು ಕಾಲೇಜು ವಿದ್ಯೆಗಾಗಿ ಬಂದುದು ಗಡಿಯಾಚೆಯ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಮುಂದೆ ಅವರು ಸ್ವತಂತ್ರ ಭಾರತದ ಗವರ್ನರ್ ಜನರಲ್ ಆದರು. ಕಾರ್ನ್‌ವಾಲಿಸನು ಹಿಂದೊಮ್ಮೆ ವಹಿಸಿದ್ದ ಪದವಿ ಅದು.

1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆಯ ಗೆರೆಗಳಲ್ಲಿ ಕೆಲವು ಅಳಿಸಿಹೋದವು. ಕೊಳ್ಳೇಗಾಲವು ಮೈಸೂರಿಗೆ ಮರಳಿತು. ದಕ್ಷಿಣ ಕನ್ನಡವೂ ಬಂದಿತು, ಆದರೆ ಕಾಸರಗೋಡು ಕೇರಳಕ್ಕೆ ಹೋಯಿತು. ಹೊಸೂರು ಮದ್ರಾಸು ರಾಜ್ಯದಲ್ಲಿಯೇ ಉಳಿಯಿತು. ಇಂದು ಗಡಿಯ ಎರಡು ಕಡೆಗಳಲ್ಲಿಯೂ ಕಾರ್ಖಾನೆಗಳು ಎದ್ದಿವೆ. ಬೆಳಗಾದರೆ ಹೊಸೂರಿನಿಂದ ಎಲೆಕ್ಟ್ರಾನಿಕ್ಸ್ ಸಿಟಿಗೂ ಅತ್ತಿಬೆಲೆಯಿಂದ ಹೊಸೂರಿಗೂ ಕೆಲಸಗಾರರು 1799ರ ಆ ಗೆರೆಯನ್ನು ದಾಟಿ ಹೋಗುತ್ತಾರೆ. ಸಂಜೆಗೆ ಮತ್ತೆ ದಾಟಿ ಮನೆ ಸೇರುತ್ತಾರೆ.