ಅಡಿಕೆ ಮರಕ್ಕೆ ನೀರು, ಗೊಬ್ಬರ: ಎರಡಲ್ಲ, ಒಂದೇ ಲೆಕ್ಕ

ಬೋರ್‌ವೆಲ್ ನೀರು ಇಳಿದಾಗ, ಗೊಬ್ಬರವನ್ನಾದರೂ ಹೆಚ್ಚು ಕೊಟ್ಟು ತೋಟ ಉಳಿಸಿಕೊಳ್ಳೋಣವೆಂಬ ಯೋಚನೆ ಬಲಸಮುದ್ರ, ಮಧುಗಿರಿ, ಕೊರಟಗೆರೆ ಸುತ್ತಿನ ನಮ್ಮಲ್ಲಿ ಹಲವರಿಗೆ ಬರುವುದುಂಟು. ಇದು ಸರಿಯಲ್ಲ. ಏಕೆಂದು ನೋಡೋಣ.

ಬೇರು ಗೊಬ್ಬರವನ್ನು ತಿನ್ನುವುದಿಲ್ಲ, ಕುಡಿಯುತ್ತದೆ. ಸಾರಜನಕವು ಮರ ಹೀರುವ ನೀರಿನೊಡನೆ ಹರಿದು ಬರುತ್ತದೆ. ರಂಜಕ, ಪೊಟ್ಯಾಷ್‌ಗಳು ಮಣ್ಣಿನ ಕಣಗಳ ಸುತ್ತಲಿನ ತೆಳುವಾದ ನೀರಿನ ಪದರದಲ್ಲಿ ಮೆಲ್ಲನೆ ಸಾಗುತ್ತವೆ. ಮಣ್ಣು ಒಣಗಿದರೆ ಈ ದಾರಿಯೇ ಕಡಿಯುತ್ತದೆ. ಆಗ ಗೊಬ್ಬರ ಸುರಿದರೆ ಉಳಿದ ತೇವದಲ್ಲಿ ಉಪ್ಪಿನಂಶ ಹೆಚ್ಚಿ, ಇರುವ ನೀರನ್ನೂ ಬೇರು ಹೀರಲಾರದು. ಗರಿಯ ತುದಿ ಸುಡುತ್ತದೆ.

ನೀರು ಅತಿಯಾದರೂ ನಷ್ಟವೇ. ಸಾರಜನಕ ಬೇರಿಗೆ ಎಟುಕದ ಆಳಕ್ಕೆ ಬಸಿದುಹೋಗುತ್ತದೆ. ಇನ್ನು ಪೊಟ್ಯಾಷ್ ಸಾಲದ ಮರವು ಎಲೆಯ ಸೂಕ್ಷ್ಮ ರಂಧ್ರಗಳನ್ನು ಸರಿಯಾಗಿ ಮುಚ್ಚಲಾರದೆ ಕೊಟ್ಟ ನೀರನ್ನೂ ಪೋಲು ಮಾಡುತ್ತದೆ.

ಫಲ ಕೊಡುವ ಮರವೊಂದಕ್ಕೆ ವರ್ಷಕ್ಕೆ ೧೦೦ ಗ್ರಾಂ ಸಾರಜನಕ, ೪೦ ಗ್ರಾಂ ರಂಜಕ, ೧೪೦ ಗ್ರಾಂ ಪೊಟ್ಯಾಷ್, ಜತೆಗೆ ಹಸಿರೆಲೆ ಮತ್ತು ಕಾಂಪೋಸ್ಟ್ ತಲಾ ೧೨ ಕಿಲೋ ಎಂಬುದು ಸಂಶೋಧನಾ ಸಂಸ್ಥೆಯ ಶಿಫಾರಸು. ಅಂದರೆ ಸುಮಾರು ೨೨೦ ಗ್ರಾಂ ಯೂರಿಯಾ, ೨೫೦ ಗ್ರಾಂ ಸೂಪರ್ ಫಾಸ್ಫೇಟ್, ೨೩೫ ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಮಲೆನಾಡಿನಲ್ಲಿ ಬಳಸುವ ಶಿಲಾ ರಂಜಕ ಹುಳಿ ಮಣ್ಣಿಗೆ ಸರಿ. ಹುಳಿಯಲ್ಲದ ನಮ್ಮ ಮಣ್ಣಿನಲ್ಲಿ ಅದು ಕರಗದು.

ನಾವು ಪಾಲಿಸಬೇಕಾದ ಕ್ರಮ:

೧. ಗೊಬ್ಬರದ ಅರ್ಧವನ್ನು ಸೆಪ್ಟೆಂಬರ್–ಅಕ್ಟೋಬರ್ ಮಳೆಯ ತೇವದಲ್ಲಿ ಕೊಡಿ. ಉಳಿದರ್ಧ ಫೆಬ್ರವರಿಯದು, ನೀರು ಕಡಿಮೆಯಿದ್ದರೆ ಅದನ್ನು ಸಣ್ಣ ಕಂತುಗಳಾಗಿ ನೀರುಣಿಸುವ ದಿನವೇ ಹಾಕಿ. ನೀರೇ ಇಲ್ಲದಿದ್ದರೆ ಮಳೆಯವರೆಗೆ ನಿಲ್ಲಿಸಿ.

೨. ಬುಡಕ್ಕೆ ತಾಗಿಸದೆ, ಎರಡೂವರೆ–ಮೂರು ಅಡಿ ದೂರದವರೆಗೆ ಹರಡಿ, ಮಣ್ಣಿನಲ್ಲಿ ಬೆರೆಸಿ, ಸೋಗೆ ಮುಚ್ಚಿ.

೩. ಹನಿ ನೀರಾವರಿಯಿದ್ದರೆ ಯೂರಿಯಾ, ಪೊಟ್ಯಾಷ್‌ಗಳನ್ನು ನೀರಿನೊಡನೆ ಬಿಡಿ. ಹೀಗೆ ಕೊಟ್ಟರೆ ಮುಕ್ಕಾಲು ಪಾಲು ಗೊಬ್ಬರ ಸಾಕೆಂದು ವಿಟ್ಲದ ಪ್ರಯೋಗಗಳು ತೋರಿಸಿವೆ. ಸೂಪರ್ ಫಾಸ್ಫೇಟ್ ಮಾತ್ರ ಕೊಳವೆಗೆ ಬೇಡ, ಕಟ್ಟಿಕೊಳ್ಳುತ್ತದೆ.

ಹನಿಯಲ್ಲಿ ಮರಕ್ಕೆ ದಿನಕ್ಕೆ ೧೬ರಿಂದ ೨೦ ಲೀಟರ್ ಎಂಬುದು ಕರಾವಳಿಯ ಲೆಕ್ಕ. ನಮ್ಮ ಒಣಹವೆಗೆ ೨೦ಕ್ಕಿಂತ ಕಡಿಮೆ ಸಾಲದು. ಎಕರೆಗೆ ೫೫೦ ಮರವಿದ್ದರೆ ದಿನಕ್ಕೆ ೧೧,೦೦೦ ಲೀಟರ್ ಬೇಕಾಯಿತು. ಏಪ್ರಿಲ್ ತಿಂಗಳಲ್ಲಿ ನಿಮ್ಮ ಬೋರ್‌ವೆಲ್ ಎಷ್ಟು ಕೊಡುತ್ತದೆಂದು ಒಂದು ಡ್ರಮ್ ಇಟ್ಟು ಅಳೆಯಿರಿ. ಗೊಬ್ಬರದ ಚೀಲವಾಗಲಿ, ಹೊಸ ಸಸಿಯಾಗಲಿ ಕೊಳ್ಳುವುದು ಆಮೇಲಿನ ಮಾತು.