ನಿಯಮಿತ ವ್ಯಾಯಾಮ: ಆರೋಗ್ಯದ ಪ್ರಯೋಜನಗಳು ಮತ್ತು ಹಂತಹಂತವಾಗಿ ಆರಂಭಿಸುವ ಕ್ರಮ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ: ವ್ಯಾಯಾಮದಿಂದ ದೇಹಕ್ಕೆ ಆಗುವ ಪ್ರಯೋಜನವನ್ನು ಕಾರಣಸಹಿತ ತಿಳಿಯುವುದು, ಅಭ್ಯಾಸವಿಲ್ಲದವರು ಅಪಾಯವಿಲ್ಲದೆ ಆರಂಭಿಸುವ ಕ್ರಮವನ್ನು ಅರಿಯುವುದು, ಈ ವಿಷಯದಲ್ಲಿ ಗ್ರಾಮ ಪಂಚಾಯತಿಯು ಮಾಡಬಹುದಾದ ಕಾರ್ಯಗಳನ್ನು ಗುರುತಿಸುವುದು.

1. ಪೀಠಿಕೆ

ಗ್ರಾಮಸಭೆಯಲ್ಲಿ ವ್ಯಾಯಾಮದ ಪ್ರಸ್ತಾಪ ಬಂದಾಗ "ಹೊಲಗದ್ದೆಯಲ್ಲಿ ದುಡಿಯುವವರಿಗೆ ವ್ಯಾಯಾಮವೇಕೆ? ಅದು ಪೇಟೆಯವರಿಗೆ ಬೇಕಾದದ್ದು" ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಒಂದು ತಲೆಮಾರಿನ ಹಿಂದೆ ಈ ಮಾತಿನಲ್ಲಿ ಸತ್ಯಾಂಶವಿತ್ತು. ರೈತನು ನೇಗಿಲಿನ ಹಿಂದೆ ದಿನವಿಡೀ ನಡೆಯುತ್ತಿದ್ದನು. ದಾವಣಗೆರೆಯ ಹತ್ತಿ ಗಿರಣಿಗಳ ಮತ್ತು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕಾರ್ಮಿಕರಲ್ಲಿ ಅನೇಕರು ಪಾಳಿ ಕೆಲಸಕ್ಕೆ ನಡೆದು ಅಥವಾ ಸೈಕಲ್ ತುಳಿದು ಹೋಗುತ್ತಿದ್ದರು.

ಇಂದು ಪರಿಸ್ಥಿತಿ ಬದಲಾಗಿದೆ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಉಳುಮೆಯನ್ನು ಟ್ರ್ಯಾಕ್ಟರ್ ಮಾಡುತ್ತದೆ, ಭತ್ತದ ಕೊಯ್ಲನ್ನು ಯಂತ್ರ ಮಾಡುತ್ತದೆ. ಹೊಲದ ಬದುವಿನವರೆಗೂ ಬೈಕ್ ಹೋಗುತ್ತದೆ. ಗದ್ದೆಯ ಮಾಲೀಕನಾದರೂ ದಿನದ ಬಹುಭಾಗವನ್ನು ಕುಳಿತೇ ಕಳೆಯುವವರು ಹಳ್ಳಿಗಳಲ್ಲಿ ಹೆಚ್ಚುತ್ತಿದ್ದಾರೆ. ಊಟದ ಪ್ರಮಾಣ ಮಾತ್ರ ನೇಗಿಲಿನ ಕಾಲದ್ದೇ ಆಗಿ ಉಳಿದಿದೆ.

ಇದರ ಪರಿಣಾಮವನ್ನು ದೇಶದ ಅಂಕಿಅಂಶಗಳು ತೋರಿಸುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನೊಂದಿಗೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವೂ, 31.5 ಕೋಟಿ ಜನರಿಗೆ ಅಧಿಕ ರಕ್ತದೊತ್ತಡವೂ ಇದೆ. ಇನ್ನೂ 13.6 ಕೋಟಿ ಜನರು ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಇವು ಈಗ ನಗರಗಳಿಗೆ ಮಾತ್ರ ಸೀಮಿತವಾದ ರೋಗಗಳಲ್ಲ.

2. ವ್ಯಾಯಾಮವು ದೇಹದಲ್ಲಿ ಮಾಡುವ ಕಾರ್ಯ

ಹೃದಯ: 1953ರಲ್ಲಿ ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಆ ನಗರದ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಕುರಿತು ಅಧ್ಯಯನವೊಂದನ್ನು ಪ್ರಕಟಿಸಿದರು. ಚಾಲಕ ಮತ್ತು ನಿರ್ವಾಹಕ ಇಬ್ಬರೂ ಒಂದೇ ಬಸ್ಸಿನಲ್ಲಿ ದುಡಿಯುವವರು. ಆದರೆ ಚಾಲಕನು ದಿನವಿಡೀ ಕುಳಿತಿರುತ್ತಿದ್ದನು. ನಿರ್ವಾಹಕನು ಟಿಕೆಟ್ ಕೊಡಲು ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ನಿರ್ವಾಹಕರಲ್ಲಿ ಹೃದಯರೋಗವು ಗಣನೀಯವಾಗಿ ಕಡಿಮೆ ಇದ್ದುದು ಕಂಡುಬಂದಿತು. ದೈಹಿಕ ಚಟುವಟಿಕೆಗೂ ಹೃದಯದ ಆರೋಗ್ಯಕ್ಕೂ ಇರುವ ನಂಟನ್ನು ಮುಂದೆ ನಡೆದ ಅನೇಕ ಅಧ್ಯಯನಗಳು ದೃಢಪಡಿಸಿವೆ.

ರಕ್ತದೊತ್ತಡ: ನಿಯಮಿತವಾಗಿ ನಡೆಯುವುದರಿಂದ ರಕ್ತನಾಳಗಳು ಸಡಿಲಗೊಂಡು ರಕ್ತದ ಹರಿವು ಸುಗಮವಾಗುತ್ತದೆ. ಅಧಿಕ ರಕ್ತದೊತ್ತಡ ಇರುವವರಲ್ಲಿ ಮೇಲಿನ ಅಂಕಿ ಸಾಮಾನ್ಯವಾಗಿ 5ರಿಂದ 8ರಷ್ಟು ಇಳಿಯುತ್ತದೆ. ಆದರೆ ವೈದ್ಯರು ಕೊಟ್ಟ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.

ಮಧುಮೇಹ: ಸ್ನಾಯುಗಳು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನು ನೇರವಾಗಿ ಬಳಸಿಕೊಳ್ಳುತ್ತವೆ. ವ್ಯಾಯಾಮದ ನಂತರವೂ ಒಂದೆರಡು ದಿನ ಇನ್ಸುಲಿನ್ ಹೆಚ್ಚು ಪರಿಣಾಮಕಾರಿಯಾಗಿ ಕೆಲಸ ಮಾಡುತ್ತದೆ. ಆದಕಾರಣ ಸತತ ಎರಡು ದಿನಗಳಿಗಿಂತ ಹೆಚ್ಚು ಬಿಡುವು ಕೊಡಬಾರದೆಂದು ಸಲಹೆ ನೀಡಲಾಗುತ್ತದೆ. ಚೆನ್ನೈನಲ್ಲಿ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಡಿಗೆ ಮತ್ತು ಆಹಾರ ಕ್ರಮ ಎರಡನ್ನೂ ಪಾಲಿಸಿದವರಲ್ಲಿ ಮೂರು ವರ್ಷಗಳ ಅವಧಿಯಲ್ಲಿ ಮಧುಮೇಹ ಬರುವ ಸಂಭವವು ಶೇಕಡ 28.5ರಷ್ಟು ಕಡಿಮೆಯಾಯಿತು.

ಇತರ ಪ್ರಯೋಜನಗಳು: ಮೂಳೆಗಳು ಗಟ್ಟಿಯಾಗುತ್ತವೆ; ಮುಪ್ಪಿನಲ್ಲಿ ಬೀಳುವ ಅಪಾಯ ಕಡಿಮೆಯಾಗುತ್ತದೆ; ಒಳ್ಳೆಯ ನಿದ್ರೆ ಬರುತ್ತದೆ; ಮನಸ್ಸಿನ ಖಿನ್ನತೆ ತಗ್ಗುತ್ತದೆ. ದೊಡ್ಡ ಕರುಳಿನ ಮತ್ತು ಸ್ತನದ ಕ್ಯಾನ್ಸರ್ ಬರುವ ಸಂಭವವೂ ಕಡಿಮೆ ಎಂದು ಕಂಡುಬಂದಿದೆ.

3. ಎಷ್ಟು ವ್ಯಾಯಾಮ ಸಾಕು?

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ:

• ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಅಥವಾ 75ರಿಂದ 150 ನಿಮಿಷ ಹೆಚ್ಚು ಶ್ರಮದ ಚಟುವಟಿಕೆ ಮಾಡಬೇಕು.
• ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕು.
• 65 ವರ್ಷ ಮೀರಿದವರು ಇದರೊಂದಿಗೆ ವಾರಕ್ಕೆ 3 ದಿನ ಸಮತೋಲನ ಕಾಯ್ದುಕೊಳ್ಳುವ ಅಭ್ಯಾಸ ಮಾಡಬೇಕು.
• 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಆಟ ಅಥವಾ ವ್ಯಾಯಾಮ ಬೇಕು.

150 ನಿಮಿಷ ಎಂದರೆ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ. ಶ್ರಮದ ಮಟ್ಟವನ್ನು ಅಳೆಯಲು ಯಾವ ಉಪಕರಣವೂ ಬೇಕಿಲ್ಲ. ನಡೆಯುತ್ತಾ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಅದೇ ಮಧ್ಯಮ ಶ್ರಮ. ಇಷ್ಟು ಮಾಡಲಾಗದವರು ಐದು ನಿಮಿಷ ನಡೆದರೂ ಏನೂ ಮಾಡದಿರುವುದಕ್ಕಿಂತ ಉತ್ತಮ.

4. ಹೊಲದ ಕೆಲಸ ಮತ್ತು ವ್ಯಾಯಾಮ

ಈ ವಿಷಯದಲ್ಲಿ ಎಲ್ಲರಿಗೂ ಒಂದೇ ಸಲಹೆ ಸಲ್ಲದು. ಸದಸ್ಯರು ತಮ್ಮ ವಾರ್ಡಿನ ಜನರನ್ನು ಮೂರು ಗುಂಪುಗಳಾಗಿ ನೋಡುವುದು ಸೂಕ್ತ.

ಮೊದಲನೆಯದು, ನಾಟಿ, ಕಳೆ, ಹಮಾಲಿ, ಗಾರೆ ಕೆಲಸಗಳಲ್ಲಿ ದಿನವಿಡೀ ದುಡಿಯುವವರ ಗುಂಪು. ಮೇಲೆ ಹೇಳಿದ ಚೆನ್ನೈ ಅಧ್ಯಯನದಲ್ಲಿಯೂ ಕಷ್ಟದ ದೈಹಿಕ ದುಡಿಮೆ ಮಾಡುತ್ತಿದ್ದವರಿಗೆ ಅದನ್ನೇ ಮುಂದುವರಿಸಲು ಹೇಳಲಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ನಾಟಿ ಮಾಡಿದ ಮಹಿಳೆಗೆ "ಇನ್ನೂ ಅರ್ಧ ಗಂಟೆ ನಡೆಯಿರಿ" ಎಂದು ಉಪದೇಶಿಸುವುದು ಸರಿಯಲ್ಲ. ಅವರಿಗೆ ಬೇಕಾದುದು ವಿಶ್ರಾಂತಿ, ಪೌಷ್ಟಿಕ ಆಹಾರ ಮತ್ತು ಬೆನ್ನು, ಭುಜ, ಮೊಣಕಾಲುಗಳನ್ನು ಸಡಿಲಗೊಳಿಸುವ ಕೆಲವು ನಿಮಿಷಗಳ ಅಭ್ಯಾಸ.

ಎರಡನೆಯದು, ಸುಗ್ಗಿಯಲ್ಲಿ ಮಾತ್ರ ದುಡಿದು ಉಳಿದ ತಿಂಗಳುಗಳಲ್ಲಿ ಬಿಡುವಾಗಿರುವವರು. ವ್ಯಾಯಾಮದ ಲಾಭವನ್ನು ಕೂಡಿಡಲು ಬರುವುದಿಲ್ಲ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದು ಕರಗತೊಡಗುತ್ತದೆ. ಎರಡು ಬೆಳೆಗಳ ನಡುವಿನ ಅವಧಿಯಲ್ಲಿ ಇವರಿಗೆ ನಡಿಗೆ ಅವಶ್ಯ.

ಮೂರನೆಯದು, ಅಂಗಡಿ, ಕಚೇರಿ, ವಾಹನ ಚಾಲನೆ, ಉಸ್ತುವಾರಿ ಮುಂತಾದ ಕುಳಿತ ಕೆಲಸದವರು. ಸಭೆ, ಮದುವೆ, ಪ್ರಯಾಣಗಳಲ್ಲಿ ದಿನ ಕಳೆಯುವ ಪಂಚಾಯತಿ ಸದಸ್ಯರಲ್ಲಿ ಬಹುತೇಕರು ಈ ಗುಂಪಿಗೆ ಸೇರುತ್ತಾರೆ. ಮನೆಗೆಲಸದಲ್ಲಿ ತೊಡಗಿರುವ ಮಹಿಳೆಯರ ವಿಚಾರದಲ್ಲಿ ಎಚ್ಚರಿಕೆಯಿಂದ ನೋಡಬೇಕು. ನೀರು ಹೊರುವ, ಬಟ್ಟೆ ಒಗೆಯುವ ಕೆಲಸವೂ ಶ್ರಮವೇ. ಆದರೆ ಮಿಕ್ಸಿ, ಗ್ಯಾಸ್, ನಲ್ಲಿ ಬಂದಿರುವ ಮನೆಗಳಲ್ಲಿ ಆ ಶ್ರಮ ಕಡಿಮೆಯಾಗಿದೆ.

5. ಗರಡಿ ಮನೆಯ ಪಾಠ

ದಾವಣಗೆರೆ ನಗರವು ಕುಸ್ತಿಗೆ ಹೆಸರಾದುದು. ದುರ್ಗಾಂಬಿಕಾ ದೇವಿಯ ಜಾತ್ರೆಯಲ್ಲಿ ಕುಸ್ತಿ ಪಂದ್ಯಗಳು ನಡೆಯುತ್ತವೆ. ಕ್ರೀಡಾ ಇಲಾಖೆಯ ವಸತಿ ನಿಲಯದಲ್ಲಿ ಕುಸ್ತಿಪಟುಗಳು ತರಬೇತಿ ಪಡೆಯುತ್ತಾರೆ. ಗರಡಿಗೆ ಹೊಸದಾಗಿ ಬಂದ ಹುಡುಗನನ್ನು ವಸ್ತಾದರು ಮೊದಲ ದಿನವೇ ಅಖಾಡಕ್ಕೆ ಇಳಿಸುವುದಿಲ್ಲ. ಮೊದಲು ಮಟ್ಟಿಯ ಮಣ್ಣನ್ನು ಕೆದಕಿ ಹದಗೊಳಿಸುವ ಕೆಲಸ, ಅನಂತರ ಕೆಲವೇ ದಂಡೆ ಮತ್ತು ಬಸ್ಕಿ, ದಿನ ಕಳೆದಂತೆ ಎಣಿಕೆ ಹೆಚ್ಚಳ; ಗದೆ ಎತ್ತುವುದು, ಪಟ್ಟು ಕಲಿಯುವುದು ಆಮೇಲೆ.

ಈ ಕ್ರಮಕ್ಕೆ ದೇಹಶಾಸ್ತ್ರದ ಆಧಾರವಿದೆ. ಹೃದಯ, ಶ್ವಾಸಕೋಶ ಮತ್ತು ಸ್ನಾಯುಗಳು ಕೆಲವು ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗಿಕೊಳ್ಳುತ್ತವೆ. ಮೂಳೆ ಮತ್ತು ಕೀಲುಗಳ ಅಸ್ಥಿಬಂಧಗಳಿಗೆ ತಿಂಗಳುಗಳೇ ಬೇಕು. ಉತ್ಸಾಹದಲ್ಲಿ ಮೊದಲ ವಾರವೇ ಐದು ಕಿಲೋಮೀಟರ್ ಓಡಿದವರಿಗೆ ಮೊಣಕಾಲು ನೋವು ಬಂದು ವ್ಯಾಯಾಮವೇ ನಿಂತುಹೋಗುವುದು ಇದೇ ಕಾರಣದಿಂದ. ಗರಡಿಯ ಇನ್ನೊಂದು ಪಾಠವೂ ಇದೆ: ಸಾಮು ಬಿಟ್ಟ ಪೈಲ್ವಾನನು ಊಟವನ್ನು ಹಾಗೆಯೇ ಮುಂದುವರಿಸಿದರೆ ದೇಹವು ಬೊಜ್ಜಿಗೆ ತಿರುಗುತ್ತದೆ.

6. ಹನ್ನೆರಡು ವಾರಗಳ ಕ್ರಮ

ಅಭ್ಯಾಸವಿಲ್ಲದ ಆರೋಗ್ಯವಂತ ವಯಸ್ಕರು ಈ ಕೆಳಗಿನಂತೆ ವಾರಕ್ಕೆ ಐದು ದಿನ ನಡೆಯಬಹುದು:

• 1 ಮತ್ತು 2ನೇ ವಾರ: ದಿನಕ್ಕೆ 10 ನಿಮಿಷ, ಸಾಧಾರಣ ವೇಗ.
• 3 ಮತ್ತು 4ನೇ ವಾರ: 15 ನಿಮಿಷ.
• 5 ಮತ್ತು 6ನೇ ವಾರ: 20 ನಿಮಿಷ, ನಡುವಿನ 10 ನಿಮಿಷ ಬಿರುಸಿನ ನಡಿಗೆ.
• 7 ಮತ್ತು 8ನೇ ವಾರ: 25 ನಿಮಿಷ. ಜೊತೆಗೆ ವಾರಕ್ಕೆ ಎರಡು ದಿನ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಮತ್ತು ಗೋಡೆಗೆ ಅಂಗೈ ಊರಿ ಮುಂದಕ್ಕೆ ಬಾಗಿ ಹಿಂದಕ್ಕೆ ಬರುವುದು, ತಲಾ 8ರಿಂದ 10 ಬಾರಿ.
• 9ರಿಂದ 12ನೇ ವಾರ: 30 ನಿಮಿಷ. ಇಲ್ಲಿಗೆ ವಾರದ 150 ನಿಮಿಷ ಪೂರ್ಣವಾಗುತ್ತದೆ.

ಪ್ರತಿದಿನ ಮೊದಲ ಮತ್ತು ಕೊನೆಯ ಕೆಲವು ನಿಮಿಷ ನಿಧಾನವಾಗಿ ನಡೆಯಬೇಕು. ಒಂದು ಹಂತ ಕಷ್ಟವೆನಿಸಿದರೆ ಅದೇ ಹಂತದಲ್ಲಿ ಇನ್ನೊಂದು ವಾರ ನಿಲ್ಲಬೇಕು. ಜ್ವರ ಬಂದಾಗ ಬಿಡುವು ಕೊಟ್ಟು, ಚೇತರಿಸಿಕೊಂಡ ಮೇಲೆ ಹಿಂದಿನ ಹಂತದಿಂದ ಆರಂಭಿಸಬೇಕು. ಬೇಸಿಗೆಯಲ್ಲಿ ಬಿಸಿಲು ಏರುವ ಮುನ್ನವೇ ಮುಗಿಸಬೇಕು. ಹರಿಹರದವರಿಗೆ ತುಂಗಭದ್ರೆಯ ದಡವಿದೆ, ದಾವಣಗೆರೆಯವರಿಗೆ ಕುಂದವಾಡ ಕೆರೆಯ ಏರಿಯಿದೆ. ಹಳ್ಳಿಯವರಿಗೆ ಶಾಲೆಯ ಮೈದಾನ ಸಾಕು. ಯೋಗಾಸನ, ಸೈಕಲ್, ಕಬಡ್ಡಿ, ಕೋಲಾಟ ಇವುಗಳಲ್ಲಿ ಯಾವುದನ್ನು ಆರಿಸಿಕೊಂಡರೂ ಹಂತಹಂತವಾಗಿ ಹೆಚ್ಚಿಸುವ ನಿಯಮ ಒಂದೇ.

7. ಮುನ್ನೆಚ್ಚರಿಕೆಗಳು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ ನಿಧನರಾದ ನಂತರ ರಾಜ್ಯದಲ್ಲಿ ಜನರು ಹೃದಯ ತಪಾಸಣೆಗಾಗಿ ಆಸ್ಪತ್ರೆಗಳಿಗೆ ಧಾವಿಸಿದರು. "ವ್ಯಾಯಾಮ ಮಾಡಿದರೇ ಅಪಾಯ" ಎಂಬ ಭಯವೂ ಹರಡಿತು. ಒಬ್ಬ ವ್ಯಕ್ತಿಯ ಮರಣದಿಂದ ಇಂತಹ ತೀರ್ಮಾನಕ್ಕೆ ಬರುವುದು ತಪ್ಪು. ವ್ಯಾಯಾಮವು ಹೃದಯಾಘಾತದ ಸಂಭವವನ್ನು ಕಡಿಮೆ ಮಾಡುತ್ತದೆ. ಸಂಪೂರ್ಣ ರಕ್ಷಣೆಯ ಭರವಸೆ ನೀಡುವುದಿಲ್ಲ. ಮೊದಲು ತಪಾಸಣೆ, ಅನಂತರ ನಿಧಾನ ಆರಂಭ ಎಂಬುದೇ ಸರಿಯಾದ ಪಾಠ.

• ಹೃದಯರೋಗ, ಅಧಿಕ ರಕ್ತದೊತ್ತಡ, ಮಧುಮೇಹ ಅಥವಾ ತೀವ್ರ ಮೊಣಕಾಲು ನೋವು ಇರುವವರು, ಗರ್ಭಿಣಿಯರು ಹಾಗೂ ನಡೆಯುವಾಗ ಎದೆನೋವು ಅಥವಾ ತಲೆಸುತ್ತು ಅನುಭವಿಸಿದವರು ಮೊದಲು ವೈದ್ಯರನ್ನು ಕಾಣಬೇಕು.
• ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಅಥವಾ ಬೆಲ್ಲದ ಚೂರು ಇಟ್ಟುಕೊಳ್ಳಬೇಕು. ನಡುಕ, ಬೆವರು ಕಂಡರೆ ಅದನ್ನು ತಿಂದು ಕುಳಿತುಕೊಳ್ಳಬೇಕು. ಇವರು ಬರಿಗಾಲಿನಲ್ಲಿ ನಡೆಯಬಾರದು. ಪಾದದ ಗಾಯ ತಿಳಿಯದೆಯೇ ಉಲ್ಬಣಿಸಬಹುದು.
• ಎದೆಯಲ್ಲಿ ಬಿಗಿತ, ಎಡತೋಳು ಅಥವಾ ದವಡೆಗೆ ಹರಿಯುವ ನೋವು, ತಣ್ಣನೆಯ ಬೆವರು, ವಿಪರೀತ ಉಬ್ಬಸ ಕಂಡ ಕೂಡಲೇ ನಡಿಗೆ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. "ಗ್ಯಾಸ್ ಇರಬೇಕು" ಎಂದು ಕಾಯುತ್ತಾ ಕೂರಬಾರದು. ತಡವಾದಷ್ಟೂ ಹೃದಯದ ಸ್ನಾಯು ನಷ್ಟವಾಗುತ್ತದೆ.
• ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿ ನಸುಕಿನಲ್ಲಿ ನಡೆಯುವುದು ಅಪಾಯಕರ. ಇತರ ರಸ್ತೆಗಳಲ್ಲಿಯೂ ಪಾದಚಾರಿ ಮಾರ್ಗವಿಲ್ಲದಿದ್ದರೆ ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಬೇಕು. ತಿಳಿ ಬಣ್ಣದ ಬಟ್ಟೆ ಧರಿಸಬೇಕು.

8. ಗ್ರಾಮ ಪಂಚಾಯತಿಯ ಪಾತ್ರ

ವ್ಯಾಯಾಮ ಮಾಡುವುದು ವ್ಯಕ್ತಿಯ ನಿರ್ಧಾರ. ಅದಕ್ಕೆ ತಕ್ಕ ಸ್ಥಳವನ್ನು ಒದಗಿಸುವುದು ಊರಿನ ಹೊಣೆ. ಮಹಿಳೆಯರು ಬೆಳಗ್ಗೆ ನಡೆಯದಿರುವುದಕ್ಕೆ ಹಲವು ಬಾರಿ ಸೋಮಾರಿತನ ಕಾರಣವಲ್ಲ. ದೀಪವಿಲ್ಲದ ದಾರಿ, ನಾಯಿಗಳ ಕಾಟ, ತಿಪ್ಪೆ ಮತ್ತು ಬಯಲು ಶೌಚದಿಂದ ಹೊಲಸಾದ ರಸ್ತೆ ಕಾರಣ. ಆದುದರಿಂದ ಸದಸ್ಯರು ಈ ಕೆಳಗಿನ ಅಂಶಗಳನ್ನು ಪರಿಶೀಲಿಸಬಹುದು:

• ಪ್ರತಿ ಗ್ರಾಮದಲ್ಲಿ ಒಂದು ಕಿಲೋಮೀಟರಿನ ಸುರಕ್ಷಿತ ನಡಿಗೆ ದಾರಿಯನ್ನು ಗುರುತಿಸಿ, ಅಲ್ಲಿ ಬೀದಿದೀಪ ಮತ್ತು ಸ್ವಚ್ಛತೆಗೆ ಆದ್ಯತೆ ನೀಡುವುದು.
• ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ ಪಡೆದು ಶಾಲಾ ವೇಳೆಯ ಮೊದಲು ಮತ್ತು ನಂತರ ಮೈದಾನವನ್ನು ಗ್ರಾಮಸ್ಥರಿಗೆ ತೆರೆದಿಡುವುದು. ಮೈದಾನದ ಒತ್ತುವರಿಯನ್ನು ತಡೆಯುವುದು.
• ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ಮತ್ತು ಆಶಾ ಕಾರ್ಯಕರ್ತೆಯರೊಂದಿಗೆ ಸೇರಿ, 30 ವರ್ಷ ದಾಟಿದ ಎಲ್ಲರ ರಕ್ತದೊತ್ತಡ ಮತ್ತು ಸಕ್ಕರೆ ತಪಾಸಣೆ ಆಗಿದೆಯೇ ಎಂದು ವಾರ್ಡುವಾರು ವಿಚಾರಿಸುವುದು.
• ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ಗುಂಪಾಗಿ ನಡೆಯಲು ಪ್ರೋತ್ಸಾಹಿಸುವುದು. ಗುಂಪಿನಲ್ಲಿ ಸುರಕ್ಷತೆಯೂ ಇದೆ, ಅಭ್ಯಾಸವೂ ತಪ್ಪುವುದಿಲ್ಲ.
• ಜೂನ್ 21ರ ಯೋಗ ದಿನವನ್ನು ಒಂದು ದಿನದ ಆಚರಣೆಯಾಗಿ ಮುಗಿಸದೆ, ಹನ್ನೆರಡು ವಾರಗಳ ಕ್ರಮದ ಆರಂಭದ ದಿನವಾಗಿಸುವುದು.

9. ಸಾರಾಂಶ

ಜನರು ಉಪದೇಶಕ್ಕಿಂತ ಉದಾಹರಣೆಯನ್ನು ಬೇಗ ಅನುಸರಿಸುತ್ತಾರೆ. ಸಮೀಪದ ಕೆಲಸಕ್ಕೆ ಬೈಕ್ ಬಿಟ್ಟು ನಡೆದು ಹೋಗುವ ಸದಸ್ಯರನ್ನು ಊರು ಗಮನಿಸುತ್ತದೆ. ಹಾಗೆ ನಡೆಯುವಾಗ ಕೆಟ್ಟ ದೀಪ, ಕಟ್ಟಿಕೊಂಡ ಚರಂಡಿ, ಮೂಲೆಯ ಮನೆಯ ವೃದ್ಧರ ಸ್ಥಿತಿ ಇವೆಲ್ಲವೂ ಸದಸ್ಯರ ಕಣ್ಣಿಗೆ ಬೀಳುತ್ತವೆ. ಮೊದಲ ವಾರಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ವಾರ್ಡಿನಲ್ಲಿ ಮೇಲೆ ಹೇಳಿದ ಮೂರು ಗುಂಪುಗಳ ಪೈಕಿ ಯಾವುದು ದೊಡ್ಡದು?
2. ಬೆಳಗಿನ ಆರು ಗಂಟೆಗೆ ಮಹಿಳೆಯೊಬ್ಬರು ಭಯವಿಲ್ಲದೆ ನಡೆಯಬಹುದಾದ ದಾರಿ ಗ್ರಾಮದಲ್ಲಿ ಯಾವುದು? ಇಲ್ಲದಿದ್ದರೆ ಅಡ್ಡಿ ಏನು?
3. ಕಳೆದ ಒಂದು ವರ್ಷದಲ್ಲಿ ಸದಸ್ಯರೇ ತಮ್ಮ ರಕ್ತದೊತ್ತಡ ಮತ್ತು ಸಕ್ಕರೆಯನ್ನು ಪರೀಕ್ಷಿಸಿಕೊಂಡಿದ್ದಾರೆಯೇ?